ನೋಡುವ ಸ್ಥಳ: ಮಾಯಕೊಂಡ

ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ:
ದಾವಣಗೆರೆ, ಬೆಳಗಿನ ಪ್ಯಾಸೆಂಜರ್,
ತೋಳಹುಣಸೆ, ಕೊಡಗನೂರು, ಆಮೇಲೆ ಮಾಯಕೊಂಡ.
ಎಂಟನೇ ಬಿ, ಮೂವತ್ತೆಂಟು ಮಕ್ಕಳು.
ಚಿತ್ರಾನ್ನ. ಎರಡು ಕ್ಯಾನು ನೀರು.
ರೈಲು ಹತ್ತಿದರೆ ವಾಂತಿ ಮಾಡುವ ಮುಬೀನಾಳಿಗೆ
ಒಂದು ನಿಂಬೆಹಣ್ಣು.
'ನೋಡುವ ಸ್ಥಳ' ಎಂಬ ಕಾಲಮ್ಮಿಗೆ ಬಂದು
ಪೆನ್ನು ನಿಂತಿತು.

ಹೆಡ್‌ಮಾಸ್ಟರು ಕನ್ನಡಕ ಹಣೆಗೇರಿಸಿ
ಅಲ್ಲೇನೈತಿ ಮೇಡಂ, ಅಂದರು.
ಅರಮನೆ?
ಇಲ್ಲ.
ಗೇಟು, ಗಾರ್ಡನ್ನು, ಒಂದು ಬೋರ್ಡು?
ಇರಬಹುದು ಸರ್, ಗೊತ್ತಿಲ್ಲ.
ಮತ್ತೆ?
ಮೆಕ್ಕೆಜೋಳ ಸರ್.
ಇನ್ನೂರ ಎಪ್ಪತ್ತು ವರ್ಷದ ಕೆಳಗೆ
ಅಲ್ಲಿ ಯುದ್ಧವಾಗಿತ್ತು. ಈಗ ಮೆಕ್ಕೆಜೋಳ.
ಮೆಕ್ಕೆಜೋಳ ಇಲ್ಲೇ ಎಪಿಎಂಸೀಲಿ ತೋರಿಸ್ರಿ,
ಎಂದು ಫೈಲು ಮಡಚಿದರು.
ದುರ್ಗಕ್ಕೇ ಹೋಗ್ರಿ. ಅಲ್ಲಿ ಕೋತಿನಾದ್ರೂ ಅದಾವೆ.

ತರಗತಿಗೆ ನನಗಿಂತ ಮೊದಲು ಸುದ್ದಿ ತಲುಪಿತ್ತು.
ಒಂದು ಕಡೆ ದುರ್ಗದವರು, ಅಂದೆ;
ಓಬಳೇಶ ಬೆನ್ನು ನೆಟ್ಟಗೆ ಮಾಡಿ ಕೂತ.
ಇನ್ನೊಂದು ಕಡೆ ಬಿದನೂರು, ಸವಣೂರು, ಹರಪನಹಳ್ಳಿ;
ಕೊಟ್ರೇಶನ ಅಜ್ಜಿಮನೆ ಹರಪನಹಳ್ಳಿ,
ಮೊನ್ನೆ ಮೊನ್ನೆವರೆಗೂ ನಮ್ಮದೇ ಜಿಲ್ಲೆ.
ಯಾರು ಗೆದ್ರು ಮಿಸ್?
ದುರ್ಗದ ದೊರೆ ಅಲ್ಲೇ ಬಿದ್ದ ಎಂದು ಹೇಳಿದರೆ
ಸಂಜೆಯೊಳಗೆ ಇವರಿಬ್ಬರ ಡೆಸ್ಕಿನ ನಡುವೆ
ಸೀಮೆಸುಣ್ಣದ ಗಡಿ.
ಅದು ಪರೀಕ್ಷೆಗೆ ಬರಲ್ಲ, ಅಂದುಬಿಟ್ಟೆ.
ಸುಳ್ಳೇನಲ್ಲ.

ಗೇಟಿನ ಗಾದಿಲಿಂಗಪ್ಪ
ಹದಿನೇಳು ವರ್ಷ ಫೌಜಿನಲ್ಲಿದ್ದವನು.
ಈಗ ನಮ್ಮ ಗಂಟೆ, ಬೀಗ, ಸೋರುವ ನಲ್ಲಿ ಎಲ್ಲ ಅವನದೇ.
ಎಲ್ಲಿದ್ದಿ ಎಂದು ಮಕ್ಕಳು ಕೇಳಿದರೆ
ಮೇಲೆ, ಅನ್ನುತ್ತಾನೆ. ಅಷ್ಟೇ. ಮೇಲೆ ಚಳಿ.
ಬುತ್ತಿ ಡಬ್ಬಿ ಮುಚ್ಚುತ್ತ ಕೇಳಿದ:
ನೀರು ಎಲ್ಲಿತ್ತಂತ್ರಿ ಮೇಡಂ?
ಯಾವ ನೀರು?
ಅಷ್ಟು ಕುದುರೆ, ಅಷ್ಟು ಆನೆ, ಅಷ್ಟು ಮಂದಿ.
ಹಳ್ಳ ಯಾರ ಕಡೆಗಿತ್ತು?
ಪುಸ್ತಕದಲ್ಲಿಲ್ಲ, ಅಂದೆ.
ಹೊತ್ತು ಹುಟ್ಟಿದಾಗ ಬಿಸಿಲು ಯಾರ ಕಣ್ಣಿಗೆ?
ಇಲ್ಲ.
ರೊಟ್ಟಿ ಬಡಿಯೋರು ಎಲ್ಲಿ ಕುಂತಿದ್ರು?
ಅದೂ ಇಲ್ಲ.
ಆಮೇಲೆ ಹೆಣ ಎತ್ತಿದೋರು ಎರಡೂ ಕಡೆಯವು ಎತ್ತಿದ್ರಾ,
ಬರೀ ತಮ್ಮವು ಎತ್ತಿದ್ರಾ?

ನಾನು ಇತಿಹಾಸದಲ್ಲಿ ಎಂ.ಎ., ಎರಡನೇ ರ‍್ಯಾಂಕು.
ಅವನ ಟೋಪಿಯ ಮೇಲೆ ಬಿದ್ದಿದ್ದ ಬೇವಿನ ಹೂವು
ಎಷ್ಟು ಹೊತ್ತು ನೋಡುತ್ತ ನಿಂತೆನೋ.
ಗಂಟೆ ಹೊಡೆಯಲು ಅವನೇ ಎದ್ದುಹೋದ.

ರಾತ್ರಿ, ಹಾಲು ಉಕ್ಕಿಸಿ ಒಲೆ ಒರೆಸಿ ಬಂದು
ಕಾಲಮ್ಮು ತುಂಬಿದೆ.
ನೋಡುವ ಸ್ಥಳ: ಹಳ್ಳ.
ಎತ್ತ ಹುಟ್ಟಿ ಎತ್ತ ಹರಿಯುತ್ತದೆ,
ಎಷ್ಟು ದನ ಕುಡಿಯಬಹುದು,
ದಂಡೆಯಲ್ಲಿ ನಿಂತರೆ ಯಾರು ಯಾರಿಗೆ ಕಾಣುತ್ತಾರೆ.

ಬೆಳಿಗ್ಗೆ ಹೆಡ್‌ಮಾಸ್ಟರು ಓದಿ ಮುಖ ಅರಳಿಸಿದರು:
ಓ, ಇಕೋ ಕ್ಲಬ್ಬು! ಮೊದಲೇ ಹೇಳಬಾರದೇನ್ರಿ?
ಅನುದಾನ ಹಂಗೇ ಕೂತೈತಿ.
ಹಸಿರು ಶಾಯಿಯಲ್ಲಿ ಸಹಿ ಹಾಕಿದರು.
ಮೆಕ್ಕೆಜೋಳದ ಮಾತು ನಾನೂ ಎತ್ತಲಿಲ್ಲ.

ನೀನೂ ಬಾ ಗಾದಿಲಿಂಗಪ್ಪ, ಅಂದೆ.
ಕೀಲಿ ಗೊಂಚಲು ಒಂದೊಂದಾಗಿ ಸರಿಸಿದ.
ಸ್ಟೇಷನ್ ತನಕ ಬರ್ತೀನ್ರಿ. ಹೊಲಕ್ಕೆ ಬ್ಯಾಡ.
ಅಲ್ಲೇ ಬೆಂಚಿನ ಮೇಲೆ ಕುಂತು ಕ್ಯಾನು ಕಾಯ್ತೀನಿ.
ಹೋಗುವಾಗ ಎಷ್ಟಿದ್ರು, ಬರುವಾಗ ಎಷ್ಟಿದಾರೆ,
ಎಣಿಸೋಕೆ ಒಬ್ಬ ಬೇಕಲ್ರಿ.

ಮೂವತ್ತೆಂಟು ಮಕ್ಕಳು, ಒಬ್ಬಳು ಮೇಡಂ.
ಕೆಳಗೆ ಒಂದು ಸಾಲು ಬಿಟ್ಟು ಬರೆದೆ:
ಎಣಿಸುವವನು, ಒಬ್ಬ.
ಟಿಕೆಟ್ಟು ನಲವತ್ತು.